ಬಚ್ಚಲಿನಿಂದ ಒಂದು ಪಿಂಗ್

ಯಾರಿಗೂ ತೊಂದರೆ ಕೊಡುವುದಿಲ್ಲವೆಂದು ಶೀನಪ್ಪನವರು ಉಡುಪಿಯಿಂದ ಬಂಗಾಳಿ ಬಡಾವಣೆಯಾದ ಟಾಲಿಗಂಜ್‌ನ ಮಗಳ ಮನೆಗೆ ಬಂದ ದಿನವೇ ಮಾತು ಕೊಟ್ಟಿದ್ದರು. ಅದಕ್ಕೆ ಏಳು ವರ್ಷವಾಗಿತ್ತು. ಈಗ ಚಿಲಕ ಸಿಕ್ಕಿಹಾಕಿಕೊಂಡು, ಸೊಂಟಕ್ಕೆ ಬೈರಾಸು ಸುತ್ತಿ ಅರ್ಧ ಗಂಟೆಯಿಂದ ಬಚ್ಚಲಿನಲ್ಲೇ ನಿಂತಿದ್ದರೂ ಅವರು ಕೂಗಿರಲಿಲ್ಲ. ಮಗಳೂ ಅಳಿಯನೂ ಆಫೀಸಿನಿಂದ ಬರುವುದು ಸಂಜೆಗೆ.

ಹಿಂದಿನ ದಿನವಷ್ಟೇ ಕಂಪ್ಯೂಟರ್ ಕಂಪನಿಯ ಅಳಿಯ ಅನಂತ ಊಟದ ತಟ್ಟೆಗೆ ಚಮಚ ಬಡಿದು ತೋರಿಸಿದ್ದ. "ಇದೇ ಮಾವ, ಪಿಂಗ್. ಮೊದಲು ಬರೀ ಸದ್ದು. ಆಮೇಲೆ ಸಬ್‌ಮರೀನಿನವರು ನೀರೊಳಗೆ ಕಳಿಸುವ ಸದ್ದಿಗೆ ಆ ಹೆಸರಿಟ್ಟರು. ಅವರಿಂದ ನಾವು ತಕೊಂಡದ್ದು. ಒಂದು ಕಂಪ್ಯೂಟರ್ ಇನ್ನೊಂದರ ಹತ್ತಿರ 'ಇದ್ದೀಯಾ?' ಅಂತ ಕೇಳುವುದು."

"ಬಾಯಿಬಿಟ್ಟು ಕರೀಲಿಕ್ಕೆ ಎಂತ ನಾಚಿಕೆ ಮಾರಾಯ ಅದಕ್ಕೆ?" ಎಂದು ಶೀನಪ್ಪ ನಕ್ಕಿದ್ದರು.

ಈಗ ಅವರು ಹಿತ್ತಾಳೆ ಚೊಂಬು ಎತ್ತಿ, ಮೇಲಿನ ಮನೆಗಳಿಗೆ ಹೋಗುವ ನೀರಿನ ಪೈಪಿಗೆ ಮೆಲ್ಲಗೆ ತಟ್ಟಿದರು. ಇದೇನು ಕೂಗಿದ ಹಾಗಲ್ಲವಲ್ಲ! ಮೇಲಿನಿಂದ ಯಾರೋ ತಿರುಗಿ ತಟ್ಟಿದರು. ಇವರು ಎರಡು ಸಲ ತಟ್ಟಿದರು. ಎರಡು ಸಲ ಉತ್ತರ ಬಂತು. ಅದರ ಮೇಲಿನ ಮಹಡಿಯಿಂದಲೂ ಬಂತು. ನಳ್ಳಿಯಲ್ಲಿ ನೀರು ಬಂತೆಂದುಕೊಂಡು ಇನ್ಯಾರೋ ಬಕೆಟ್ ಎಳೆದರು. ಶೀನಪ್ಪನವರಿಗೆ ನಗು ತಡೆಯಲಾಗಲಿಲ್ಲ.

"ದಾದು, ಒಳಗೆ ಸಿಕ್ಕಿಹಾಕಿಕೊಂಡಿರಾ?" ಮೇಲಿನ ಮನೆಯ ಮಿತಾಲಿ ಅಜ್ಜನನ್ನು ಕಿಟಕಿಯಿಂದ ಹಿಂದಿಯಲ್ಲಿ ಕೇಳಿದಳು.

"ಹೌದು ತಾಯೀ, ಎಲ್ಲರೂ ಬನ್ನಿ!" ಶೀನಪ್ಪ ಗಂಟಲು ಬಿಟ್ಟು ಕೂಗಿದರು.

ಪಕ್ಕದ ಮನೆಯಲ್ಲಿಟ್ಟಿದ್ದ ಕೀಲಿಕೈ ತಂದು, ಹನ್ನೊಂದು ಮಂದಿ ಒಳಗೆ ನುಗ್ಗಿ ಬಚ್ಚಲಿನ ಬಾಗಿಲು ಒಡೆದರು. ಶೀನಪ್ಪನವರು ಕೊಟ್ಟ ಮಾತು ಮುರಿಯಿತು.