ಗಂಡ ಕೊರೆದ ಗೀಟು

ಗಂಡ ಸತ್ತ ಮೇಲೆ ಹತ್ತು ವರ್ಷ ಮಗಳ ಮನೆಯಲ್ಲಿದ್ದ ಒರ್ತಾನ್ಸ್ ನಾರ್ಮಂಡಿಯ ತನ್ನ ಸೇಬಿನ ತೋಟಕ್ಕೆ ಮರಳಿದಳು. ನೆಲಮಾಳಿಗೆಯಲ್ಲಿ ಗಂಡ ಬಟ್ಟಿ ಇಳಿಸಿಟ್ಟ ಸೇಬಿನ ಬ್ರಾಂದಿಯ ಪೀಪಾಯಿಯಿತ್ತು. ನೆಲಮಾಳಿಗೆಯ ಬೀಗದಕೈ ಇಷ್ಟು ದಿನವೂ ಮೈದುನನ ಸೊಂಟದಲ್ಲಿತ್ತು. ಅವನ ಕೆಂಪು ಮೂಗು ಕಂಡಾಗಲೇ ಅವಳಿಗೆ ಗುಮಾನಿ ಶುರುವಾಗಿತ್ತು.

“ನನ್ನ ಮೇಲೆ ನಂಬಿಕೆ ಇಲ್ವಾ ಅತ್ತಿಗೆ? ನೀವೇ ಅಳೆದು ನೋಡಿ,” ಎಂದು ಅವನು ಅಳತೆಕೋಲು ಚಾಚಿದ.

ಅವಳು ಕೋಲನ್ನು ಪೀಪಾಯಿಯೊಳಗೆ ಇಳಿಸಿ ಎತ್ತಿದಳು. ಗಂಡ ಕೊನೆಯ ಸಲ ಅಳೆದಾಗ ಚಾಕುವಿನಿಂದ ಕೊರೆದಿದ್ದ ಗೀಟಿನವರೆಗೂ ಅದು ಒದ್ದೆಯಾಗಿತ್ತು.

“ನೋಡಿದ್ರಾ? ಹತ್ತು ವರ್ಷದಲ್ಲಿ ಒಂದು ಹನಿ ಕಡಿಮೆಯಾಗಿಲ್ಲ!”

“ಹೌದಪ್ಪ,” ಎಂದು ಅವಳು ಏಪ್ರನ್‌ಗೆ ಕೋಲು ಒರೆಸಿದಳು. “ನಿಮ್ಮಣ್ಣ ಇದ್ದಾಗ ಯಾರೂ ಮುಟ್ಟದೆ ಇದ್ರೂ ವರ್ಷಕ್ಕೆ ಬೆರಳಗಲ ಆವಿಯಾಗಿ ಹೋಗ್ತಿತ್ತು. ನೀನು ಯಾವ ಬಾವಿ ನೀರು ಸುರಿದೆ?”