ಯಸೂರಿಗೆ ಬೆನ್ನು ತೋರಿಸಬಾರದು

"ನಡಿ, ಮುದುಕಾ. ಇನ್ನೂ ಅಂಚಿಗೆ."

ಯೋಲು ನಡೆದ. ನಂಪಾಸ್ ಬೆಟ್ಟಕ್ಕೆ ಬಾ ಎಂದಾಗಲೂ ಯಾಕೆ ಎಂದು ಕೇಳದೆ ಬಂದಿದ್ದ. ಬಿಸಿ ಬೂದಿಯಲ್ಲಿ ಅವನ ಪಾದ ಹೂತುಕೊಳ್ಳುತ್ತಿತ್ತು. ಹಿಂದೆ ಅವನು, ಹಲ್ಲು ಕಚ್ಚಿಕೊಂಡು. ಕೆಳಗೆ ಬೆಂಕಿಬೆಟ್ಟ ಯಸೂರಿನ ಬಾಯಿ ಗುಡುಗುತ್ತಿತ್ತು.

ತಾನ್ನಾ ದ್ವೀಪದಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು: ಯಸೂರ್ ಕೆಂಡದ ಕಲ್ಲು ಉಗುಳಿದರೆ ಓಡಬಾರದು. ನಿಂತು, ತಲೆಯೆತ್ತಿ, ಬೀಳುವ ಕಲ್ಲು ನೋಡಿ ಪಕ್ಕಕ್ಕೆ ಸರಿಯಬೇಕು. ಬೆನ್ನು ತೋರಿಸಿದವನು ಸತ್ತ. ಹಿಂದೊಮ್ಮೆ ಇದೇ ಅಂಚಿನಲ್ಲಿ ಯೋಲು ಹೆದರಿ "ಓಡು" ಎಂದು ಕಿರುಚಿದ್ದ. ನಂಬಿ ಓಡಿ ಸತ್ತವನು ದೊಡ್ಡ ನಂಪಾಸ್. ಅವನ ಹೆಸರನ್ನೇ ಈ ನಂಪಾಸ್‌ಗಿಟ್ಟರು. ಆಗ ಇವನಿನ್ನೂ ಮೊಲೆಯುಣ್ಣುವ ಕೂಸು.

ಆಲದ ಕೆಳಗೆ ಹಿರಿಯರು ಕಾವಾ ಬೇರಿನ ರಸ ಕುಡಿದು ರಾಜಿ ಮಾಡಿದ್ದರು. ಯೋಲು ಕೊಡಬೇಕಾದ್ದು ಕೊಟ್ಟ, ನಂಪಾಸ್‌ನ ಅವ್ವ ಇಸಕೊಂಡಳು. ಕೊಟ್ಟವನು ಬದುಕಿರುವ ತನಕ ಕೊಟ್ಟದ್ದರ ಮಾತು ಯಾರೂ ಎತ್ತಬಾರದು. ಅದು ಕಟ್ಟಳೆ. ಕಟ್ಟಳೆಗೆ ಬೆಂಕಿ ಬೀಳಲಿ ಎನ್ನುತ್ತಲೇ ನಂಪಾಸ್ ಬೆಳೆದ.

"ಹಂದಿ ಕೊಟ್ಟು ನಮ್ಮಪ್ಪನ ಸಾವು ತೊಳ್ಕೊಂಡ್ಯಲ್ಲ. ಚೆನ್ನಾಗಿ ಕೊಬ್ಬಿತ್ತಾ ಹಂದಿ?"

"ಹಂದಿ ಸಾಲ್ಲಿಲ್ಲ, ಅಣ್ಣ."

ಅಣ್ಣ. ದೊಡ್ಡ ನಂಪಾಸ್‌ನನ್ನು ಯೋಲು ಕರೆಯುತ್ತಿದ್ದುದು ಹಾಗೆ; ಸತ್ತವನ ಹೆಸರು ಹೊತ್ತವನು ಸತ್ತವನೇ ಎಂಬ ಲೆಕ್ಕ. ಆ ಮಾತು ಕೇಳಿದರೆ ನಂಪಾಸ್‌ಗೆ ಮೈಯೆಲ್ಲ ಉರಿ.

"ನಿಂಗೊಬ್ಬ ಮಗ ಇದ್ದಿದ್ರೆ ಗೊತ್ತಾಗ್ತಿತ್ತು, ಈ ಸಂಕಟ."

"ಒಬ್ಬ ಇದ್ದ. ಅದೇ ವರ್ಷ ಕೈಬಿಟ್ಟು ಹೋದ."

"ಒಳ್ಳೇದೇ ಆಯ್ತು."

ಯೋಲು ಸೊಂಟದ ಗಂಟು ಮುಟ್ಟಿದ. "ನಮ್ಮವಳು ಎಲೇಲಿ ಗೆಡ್ಡೆ ಬೇಯ್ಸಿದ್ಲು. ನಿನ್ನ ಪಾಲೂ ಕಟ್ಟಿದಾಳೆ. ಯಾವತ್ತೂ ಕಟ್ತಾಳೆ."

"ನಾಯಿಗೆ ಹಾಕು."

ನೆಲ ನಡುಗಿತು. ಕೆಂಪು ಕಲ್ಲುಗಳು ಆಕಾಶಕ್ಕೆ ಹಾರಿದವು. ಯೋಲು ತಲೆಯೆತ್ತಿದ.

"ಓಡು," ನಂಪಾಸ್ ಕಿರುಚಿದ.

ಯೋಲು ಕಲ್ಲು ಬಿಟ್ಟು ಅವನ ಮುಖ ನೋಡಿದ. ಕಣ್ತುಂಬ ನೋಡಿದ. ಆಮೇಲೆ, ಎಲ್ಲ ತಿಳಿದೂ, ಬೆನ್ನು ತಿರುಗಿಸಿ ಓಡಿದ.

ಮಣ್ಣು ಮಾಡುವಾಗ ಊರೆಲ್ಲ ಸೇರಿತ್ತು. ನಂಪಾಸ್ ಅಲ್ಲಿಗೂ ಹೋದ. ಹಗೆಯವನು ಗುಂಡಿಗೆ ಇಳಿಯುವುದನ್ನು ಕಣ್ಣಾರೆ ಕಾಣಬೇಕಿತ್ತು. ಮೊದಲ ಹಿಡಿ ಬೂದಿ ಸತ್ತವನ ಮಗನೇ ಹಾಕಬೇಕು. ಇವನಿಗೆ ಯಾರು ಹಾಕುತ್ತಾರೋ ನೋಡೋಣ ಎಂದು ಒಳಗೊಳಗೇ ನಕ್ಕ.

ರಾಜಿ ಮಾಡಿದ್ದ ಹಿರಿಯರಲ್ಲೊಬ್ಬ ಬೊಗಸೆಯಲ್ಲಿ ಬೂದಿ ಹಿಡಿದು ಜನರ ನಡುವೆ ನುಗ್ಗಿ ಬಂದ. ನಂಪಾಸ್‌ನ ಅಂಗೈಗೆ ಸುರಿದ.

"ಹಾಕಪ್ಪ. ಹಂದಿ ಸಾಲದ್ದಕ್ಕೆ ಅವನು ಕೊಟ್ಟ ಕೂಸು ನೀನು."