ಮಡಚಿದ ಚಾಕು

ಊಟ ಮುಗಿಯುತ್ತ ಬಂದು ಪೇರ್ ಹಣ್ಣಿನ ಬುಟ್ಟಿ ಮೇಜಿಗೆ ಬಂದಾಗ ಗಾಸ್ಪಾರ್ ಕುರ್ಚಿಯ ತುದಿಗೆ ಸರಿದು ಕೂತ. ಇನ್ನು ಬಾತಿಸ್ತ್ ಯಜಮಾನರು ಹಣ್ಣು ತಿಂದು, ಚಾಕುವಿನ ಅಲಗನ್ನು ಬ್ರೆಡ್ಡಿನ ತುಂಡಿಗೆ ಒರೆಸಿ, ಟಕ್ಕೆಂದು ಮಡಚಿದರೆ ಆಯಿತು. ಓಬ್ರಾಕ್ ಬೆಟ್ಟದ ಯಾವ ಮನೆಯಲ್ಲೂ ಯಜಮಾನನ ಚಾಕು ಮಡಚಿದ ಮೇಲೆ ಇನ್ನೊಂದು ತುತ್ತಿಲ್ಲ, ಇನ್ನೊಂದು ಮಾತಿಲ್ಲ, ಎಲ್ಲರೂ ಏಳಬೇಕು. ಹೀಗೇ ಐದು ಭಾನುವಾರ ಅವನ ಕೈತಪ್ಪಿ ಹೋಗಿದ್ದವು.

ಕೇಳಬೇಕಾದದ್ದು ಒಂದೇ ಮಾತು. ನಿಮ್ಮ ಮಗಳನ್ನು ನನಗೆ ಕೊಡುತ್ತೀರಾ, ಅಷ್ಟೆ. ನಲವತ್ತು ದಾಟಿದ ಗಂಡಸಿಗೆ ಅಷ್ಟು ಹೇಳಲು ಇಷ್ಟು ಸಂಕಟವೇ ಎಂದು ನಗಬಹುದು. ಅವನಿಗಂತೂ ನಾಲಿಗೆ ಏಳುತ್ತಿರಲಿಲ್ಲ. ಇವತ್ತು ಬಿಟ್ಟರೆ ಇಲ್ಲ. ಮಂಗಳವಾರದ ರೈಲಿಗೆ ಯಜಮಾನರ ಮಗಳು ಜೇಲಿ ಪ್ಯಾರಿಸ್ಸಿಗೆ, ಚಿಕ್ಕಮ್ಮನ ಕಾಫಿ ಅಂಗಡಿಗೆ ಕೆಲಸಕ್ಕೆ ಹೊರಟಿದ್ದಳು. ಬಾಗಿಲು ತೆಗೆಯುವಾಗಲೇ ಮೆಲ್ಲಗೆ ಚುಚ್ಚಿದ್ದಳು: "ಟಿಕೆಟ್ ಬಂದಿದೆ. ನೀವು ಹೀಗೇ ಹಣ್ಣಿನ ಸಿಪ್ಪೆ ಸುಲೀತಾ ಕೂತಿರಿ."

ಗಾಸ್ಪಾರನ ಬುದ್ಧಿಯೆಲ್ಲ ಕೈಯಲ್ಲಿತ್ತು. ಪೇಟೆಯಲ್ಲಿ ಚಾಕು ಮಾಡುವುದೇ ಅವನ ಕೆಲಸ. ತನಗೆಂದು ಮಾಡಿಕೊಂಡದ್ದಂತೂ ತೆಳ್ಳಗೆ, ನುಣ್ಣಗೆ, ಹಸುವಿನ ಕೊಂಬಿನ ತಿಳಿಬಣ್ಣದ ಹಿಡಿ ಇದ್ದದ್ದು. ವೇಸ್ಟ್‌ಕೋಟಿನ ಜೇಬಿನಲ್ಲಿ ಇಟ್ಟರೆ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಯಜಮಾನರ ಹಳೆಯ ಚಾಕುವಿನ ಸ್ಪ್ರಿಂಗ್ ಸಡಿಲವಾದಾಗ ಹೊಸದು ಹಾಕಿಕೊಟ್ಟವನೂ ಅವನೇ. ತನ್ನ ಚಾಕುವಿನಂತೆಯೇ ಟಕ್ಕೆನ್ನುವವರೆಗೂ ಅರ ಹಾಕಿ ತಿದ್ದಿದ್ದ. ಯಜಮಾನರು ನಾಲ್ಕು ಸಲ ತೆರೆದು ಮಡಚಿ, ಕಿವಿಗೊಟ್ಟು ಕೇಳಿ, ಭಾನುವಾರ ಊಟಕ್ಕೆ ಬಾ ಎಂದಿದ್ದರು.

ಕಿಟಕಿಯಿಂದ ಮಧ್ಯಾಹ್ನದ ತಿಳಿಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಒಲೆ ಬೆಚ್ಚಗೆ ಉಸಿರಾಡುತ್ತಿತ್ತು. ಯಜಮಾನರ ರೆಪ್ಪೆಗಳು ಭಾರವಾಗಿ ಇಳಿದವು. ಎದುರಿಗೆ ಜೇಲಿ ಹಣ್ಣು ಸುಲಿಯುತ್ತಿದ್ದಳು. ಸಿಪ್ಪೆ ಎಲ್ಲೂ ಕಡಿಯದೆ ಉದ್ದಕ್ಕೆ ಇಳಿಯುತ್ತಿತ್ತು. ತನ್ನ ಚಾಕು ಬಿಚ್ಚಿ ಕೈಯಲ್ಲಿ ಹಿಡಿದಿದ್ದಂತೆಯೇ, ಅದನ್ನೇ ನೋಡುತ್ತ ಗಾಸ್ಪಾರ್ ಎಲ್ಲೋ ಜಾರಿಹೋದ. ಇದೇ ಮೇಜು, ಇದೇ ಬೆಳಕು, ಆದರೆ ಎಷ್ಟೋ ವರ್ಷ ಕಳೆದಿವೆ. ಜೇಲಿಯ ಕಿವಿಯ ಹತ್ತಿರ ಎರಡು ಬೆಳ್ಳಿಕೂದಲು. ಹೊರಗೆ ಹಿಮ ಬೀಳುತ್ತಿದೆ. ಸಾಕು ಏಳಿ, ಹಸುಗಳು ಕಾಯ್ತಿವೆ ಎನ್ನುತ್ತಾಳೆ ಅವಳು. ಅವನು ನಿಧಾನಕ್ಕೆ ಅಲಗನ್ನು ಬ್ರೆಡ್ಡಿಗೆ ಒರೆಸುತ್ತಾನೆ, ಹೆಬ್ಬೆರಳಿನಿಂದ ಒತ್ತುತ್ತಾನೆ.

ಟಕ್.

ಮೇಜಿನ ಕೆಳಗೆ ಮಲಗಿದ್ದ ನಾಯಿ ಎದ್ದು ಮೈ ಕೊಡವಿತು. ಜೇಲಿ ತಟ್ಟೆಗಳನ್ನು ಎತ್ತಿಕೊಂಡು ಎದ್ದಳು. ಯಜಮಾನರೂ ಬೆಚ್ಚಿ ಕಣ್ಣು ಬಿಟ್ಟು, ಮೇಜಿಗೆ ಕೈಯೂರಿ ಎದ್ದು, ಗೂಟದಲ್ಲಿದ್ದ ಟೋಪಿ ತೆಗೆದುಕೊಂಡು ಬಾಗಿಲ ತನಕ ಹೋದರು. ಅಲ್ಲಿ ನಿಂತು ತಮ್ಮ ಬಲಗೈ ನೋಡಿಕೊಂಡರು. ಚಾಕು ಇನ್ನೂ ಬಿಚ್ಚಿಯೇ ಇತ್ತು. ತುದಿಯಲ್ಲಿ ಒಂದು ಹೋಳು ಹಣ್ಣೂ ಇತ್ತು.

"ಯಾರು ಮಡಚಿದ್ದು?"

ಗಡಬಡಿಸಿ ಎದ್ದ ಗಾಸ್ಪಾರನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಇದಕ್ಕಿಂತ ಸಣ್ಣ ತಪ್ಪಿಗೆ ಮನೆಯಿಂದ ಆಚೆ ಹಾಕಿಸಿಕೊಂಡವರು ಆ ಊರಲ್ಲಿದ್ದರು. "ನಾನೇ ಯಜಮಾನ್ರೇ. ಗೊತ್ತಾಗ್ದೆ ಆಗೋಯ್ತು."

"ನನ್ನ ಮನೆ ಊಟ ಮುಗ್ಸೋಕೆ ನೀನ್ಯಾರಯ್ಯಾ?"

"ನಾಯಿನೂ ಎದ್ದಿತು, ನೀನೂ ಎದ್ದೆ ಅಪ್ಪಾ," ಎಂದಳು ಜೇಲಿ, ತಟ್ಟೆಗಳಿಂದ ಕಣ್ಣೆತ್ತದೆ.

ಯಜಮಾನರು ಮಗಳನ್ನು ನೋಡಿದರು, ಆಮೇಲೆ ಅವನನ್ನು. ಏನು ಯೋಚನೆ ಮಾಡುತ್ತಿದ್ದೆ ಎಂದು ಕೇಳಿದರು. ಸುಳ್ಳು ಹೇಳಲು ಗಾಸ್ಪಾರನಿಗೆ ಬರುತ್ತಿರಲಿಲ್ಲ. ಕನಸು ಕಾಣುತ್ತಿದ್ದೆ ಎಂದ. ತಾನು ಈ ಮೇಜಿನಲ್ಲೇ ಊಟಕ್ಕೆ ಕೂತಿದ್ದೆ, ಜೇಲಿ ಎದುರಿಗಿದ್ದಳು, ಹೊರಗೆ ಹಿಮ ಬೀಳುತ್ತಿತ್ತು ಎಂದ. ಎಷ್ಟೋ ವರ್ಷ ಕಳೆದಿತ್ತು ಎಂದೂ ಹೇಳಿಬಿಟ್ಟ.

ಯಜಮಾನರು ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದರು. "ಅದರಲ್ಲಿ ನಾನಿದ್ನಾ?"

ಕನಸಿನಲ್ಲಿ ಅವರನ್ನು ಹುಡುಕಿಯೇ ಇರಲಿಲ್ಲ. ಗಾಸ್ಪಾರ್ ಈಗ ಹುಡುಕಿದ. "ಇದ್ರಿ. ಒಲೆ ಪಕ್ಕ ಕೂತು, ಉಪ್ಪು ಸಾಲ್ದು ಅಂತ ನನ್ನ ಬಯ್ತಿದ್ರಿ."

ಯಜಮಾನರು ಟೋಪಿಯನ್ನು ಮತ್ತೆ ಗೂಟಕ್ಕೆ ಹಾಕಿದರು. ಬಂದು ತಮ್ಮ ಕುರ್ಚಿಯಲ್ಲಿ ಕೂತು, ಅಲಗಿನ ತುದಿಯ ಹೋಳನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಚಾಕುವನ್ನು ಬಿಚ್ಚಿದಂತೆಯೇ ಮೇಜಿನ ನಡುವೆ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡರು.

"ಕೂತ್ಕೋ. ಊಟ ಇನ್ನೂ ಮುಗ್ದಿಲ್ಲ. ಅದೇನು ಕೇಳ್ಬೇಕು ಅಂತಿದ್ದೀಯೋ, ಕೇಳು."